ಬಣ್ಣ ಆಡದವನ ಮುಖ

ಈ ಟಂಟಂನ ಹ್ಯಾಂಡಲ್ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ. ಹಿಂದೆ ಹೇಳಿದ ಮೊಸಳೆಯ ಕತೆಯಲ್ಲಿ ಮೊಸಳೆಯ ಉದ್ದ ಸ್ವಲ್ಪ ಹೆಚ್ಚಾಗಿರಬಹುದು. ನೀರಲ್ಲಿ ನೆನೆದದ್ದು ಹಿಗ್ಗುತ್ತದೆ, ಅದಕ್ಕೆ ನಾನೇನು ಮಾಡಲಿ. ಇದು ಹಾಗಲ್ಲ. ಇದು ನಡೆದಾಗ ನಾನು ಅಲ್ಲೇ ಇದ್ದೆ, ನನ್ನ ಗಾಡಿಯೂ ಇತ್ತು. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಗಾಡಿಯನ್ನು ಕೇಳಿ.

ನನ್ನ ಹೆಸರು ಯಮನೂರಿ. ಓದಿದ್ದು ಎರಡನೇ ಇಯತ್ತೆ, ಅದೂ ಮಧ್ಯಾಹ್ನದ ಬಿಡುವಿನ ತನಕ. ಘಟಪ್ರಭೆಯ ದಂಡೆಯ ನಮ್ಮೂರಲ್ಲಿ ಟಂಟಂ, ಅಂದರೆ ಮೂರು ಗಾಲಿಯ ಬಾಡಿಗೆ ಗಾಡಿ, ಹೊಡೆಯುತ್ತೇನೆ. ಹೋಳಿ ಬಂದರೆ ನಮ್ಮೂರಿಗೆ ಹುಚ್ಚು ಹಿಡಿಯುತ್ತದೆ. ಹುಣ್ಣಿಮೆಗೆ ಮೊದಲು ಕಾಮನನ್ನು ಸುಡಲು ಹುಡುಗರು ಮನೆಮನೆಯ ಕಟ್ಟಿಗೆ ಕದಿಯುತ್ತಾರೆ. ಕದ್ದವರನ್ನು ಬೈಯುವಂತಿಲ್ಲ. ಬೈದರೆ ಮುಂದಿನ ವರ್ಷ ಬಾಗಿಲೂ ಹೋಗುತ್ತದೆ. ಅದಾದ ಮೇಲೆ ರಂಗಪಂಚಮಿಯ ತನಕ ಐದು ದಿನ ಬಣ್ಣ. ನೀರಿಗೆ ಬಿಡುವ ಬಣ್ಣವಲ್ಲ. ವಾರ್ನಿಷ್ ಕಲಸಿದ್ದು, ಬೆಳ್ಳಿಪುಡಿ ಕಲಸಿದ್ದು. ಒಮ್ಮೆ ಹತ್ತಿದರೆ ಸೀಮೆಎಣ್ಣೆಗೂ ಜಗ್ಗುವುದಿಲ್ಲ. ಆ ಐದು ದಿನ ನನ್ನ ಹೆಂಡತಿ ನನ್ನನ್ನು ಕೆಮ್ಮಿನ ಮೇಲೆ ಗುರುತು ಹಿಡಿಯುತ್ತಾಳೆ.

ನಮ್ಮ ಓಣಿಯಲ್ಲಿ ಸಜ್ಜನರ ಮುರಿಗೆಪ್ಪ ಎಂಬ ಸಾಹುಕಾರರಿದ್ದಾರೆ. ಕೆಡವಿದ ವಾಡೆಗಳಿಂದ ತೇಗದ ಬಾಗಿಲು, ಕಂಬ, ಕೆತ್ತಿದ ಚೌಕಟ್ಟು ತಂದು ಮಾರುವುದು ಅವರ ವ್ಯಾಪಾರ. ಕಾಮಣ್ಣನ ಹುಡುಗರಿಗೆ ಇದಕ್ಕಿಂತ ಚೆಂದದ ಮನೆ ಬೇಕೆ? ಪ್ರತಿವರ್ಷ ಹೋಗುತ್ತಿತ್ತು. ಹೋದ ವರ್ಷ ಅವರ ಅಜ್ಜ ಕೂರುತ್ತಿದ್ದ ಮಣೆಯೇ ಹೋಗಿ ಕಾಮನ ಜೊತೆ ಸುಟ್ಟಿತು. ಅಂದಿನಿಂದ ಅವರು ಒಳ್ಳೆಯ ಮಾಲನ್ನೆಲ್ಲ ನಡುಮನೆಗೆ ಸಾಗಿಸಿದರು. ಅದು ಹಳೆಯ ಮಾಳಿಗೆ ಮನೆ. ಮೇಲಿದ್ದ ಒಂದೇ ಬೆಳಕಿಂಡಿಗೆ ಮಂಗಗಳ ಕಾಟಕ್ಕೆ ತಗಡು ಬಡಿದಿದ್ದರು. ಹೊರಗೆ ಬಿಸಿಲು ಸುಡುತ್ತಿದ್ದರೂ ನಡುಮನೆಯಲ್ಲಿ ಕೈಗೆ ಕೈ ಕಾಣುತ್ತಿರಲಿಲ್ಲ.

ಈ ವರ್ಷ ಹುಣ್ಣಿಮೆ ಹತ್ತಿರ ಬಂದಾಗ ಮುರಿಗೆಪ್ಪ ನನ್ನ ಗಾಡಿ ಹತ್ತಿದರು.

"ಯಮನೂರಿ, ಕ್ಯಾಮೆರಾ ತಗೊಳ್ಳಾಕ ಹೋಗೂಣು. ಈ ಸಲ ಒಂದು ಚಕ್ಕಿ ಹೋಗಬಾರ್ದು ನಮ್ಮನಿಂದ."

"ಹೋಳಿ ಕಳವಿಗೆ ಕ್ಯಾಮೆರಾ ಏನ್ರಿ ಸಾವ್ಕಾರ್ರ? ನಾಳೆ ಹೋಳಿಗಿಗೂ ಬೀಗ ಹಾಕ್ತೀರಿ."

"ನೀ ಗಾಡಿ ನೋಡಕೋತ ಹೊಡಿ."

ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ರಿಹಾನಾ ಎಂಬ ಹುಡುಗಿ ಇದ್ದಳು. ನದಾಫರ ಮನೆಯವಳು, ಇಂಜಿನಿಯರಿಂಗ್ ಓದಿದವಳು. ಕೆಳಗೆ ಅಂಗಡಿ, ಮೇಲೆ ಅವಳ ಕಂಟ್ರೋಲ್ ರೂಮು. ಊರಿನ ಕ್ಯಾಮೆರಾಗಳೆಲ್ಲ ಅಲ್ಲಿಗೆ ತಂತಿ ಕಟ್ಟಿಕೊಂಡಿದ್ದವು. ಅಂಗಡಿಯ ಹಿಂದಿನ ಕತ್ತಲ ಕೋಣೆಗೆ ನಮ್ಮನ್ನು ಕರೆದೊಯ್ದು ಮೂರು ಕ್ಯಾಮೆರಾ ತೋರಿಸಿದಳು.

ಮೊದಲನೆಯದು ಕಣ್ಣಿಗೆ ಕಾಣದ ಬೆಳಕು ಬಿಟ್ಟು ನೋಡುತ್ತದೆ. ಟಿವಿಯಲ್ಲಿ ನನ್ನ ಮುಖ ಹಿಟ್ಟು ಬಳಿದಂತೆ ಬೆಳ್ಳಗೆ ಕಂಡಿತು, ಕಣ್ಣು ಬೆಕ್ಕಿನ ಹಾಗೆ ಹೊಳೆಯುತ್ತಿದ್ದವು. ಮುರಿಗೆಪ್ಪ ಮುಖ ಸಿಂಡರಿಸಿದರು.

"ಇದರಾಗ ಎಲ್ಲಾರೂ ದೆವ್ವ ಕಂಡಂಗ ಕಾಣ್ತಾರ. ದೆವ್ವನ ಹೆಸರು ಹೇಳಿ ಪೊಲೀಸ್ರಿಗೆ ಕಂಪ್ಲೇಂಟ್ ಕೊಡ್ಲೇನು?"

ಎರಡನೆಯದು ಯಾರಾದರೂ ಅಲುಗಾಡಿದರೆ ತಾನೇ ದೊಡ್ಡ ದೀಪ ಹತ್ತಿಸುತ್ತದೆ. ಬಣ್ಣ ಸ್ವಚ್ಛ ಕಾಣುತ್ತದೆ. ಆದರೆ ಕಳ್ಳನಿಗೂ ದಾರಿ ಕಾಣುತ್ತದೆ, ಹುಳಹುಪ್ಪಟೆಯೂ ಕೂಡುತ್ತವೆ.

"ನಮ್ಮಾಕಿ ಜ್ವಾಳ ತರಾಕ ಒಳಗ ಹ್ವಾದಾಗೊಮ್ಮೆ ಇದು ಫಕ್ಕನ ಹತ್ತಿತಂದ್ರ, ಜ್ವಾಳ ಅಲ್ಲೇ ಚೆಲ್ಲತಾಳ. ಅದರ ಮ್ಯಾಲೆ ನನ್ನ ಬೈತಾಳ," ಎಂದರು ಮುರಿಗೆಪ್ಪ.

ಮೂರನೆಯದು ಹೊಸದು. ಹೆಸರು ಚುಕ್ಕಿ. ದೀಪವೂ ಇಲ್ಲ, ಕಾಣದ ಬೆಳಕೂ ಇಲ್ಲ. ರಿಹಾನಾ ಕತ್ತಲಲ್ಲಿ ಕೋಣೆಯ ಆಚೆ ತುದಿಗೆ ಹೋಗಿ ನಿಂತಳು. ಟಿವಿಯಲ್ಲಿ ಅವಳು ಹಾಡುಹಗಲಲ್ಲಿ ನಿಂತಂತೆ ಕಂಡಳು, ದಾವಣಿಯ ಹಸಿರು ಸಮೇತ. ಅವಳ ಕಾಲಬುಡದಲ್ಲಿ ಹೋಗುತ್ತಿದ್ದ ಇರುವೆಯ ಮೀಸೆಯೂ ಕಂಡಿತು. ಎಡಗಡೆಯ ಮೀಸೆ ತುಸು ಮೊಂಡಾಗಿತ್ತು.

"ಇದು ಹೆಂಗ ತಂಗಿ?" ಮುರಿಗೆಪ್ಪರ ದನಿ ಮೆತ್ತಗಾಗಿತ್ತು.

"ಸಾವ್ಕಾರ್ರ, ಕತ್ತಲ್ದಾಗ ಯಾವ ಕ್ಯಾಮೆರಾಕ್ಕೂ ಪೂರ್ತಿ ಚಿತ್ರ ಸಿಗೂದಿಲ್ಲ. ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಸಿಗ್ತಾವ, ಅಷ್ಟ. ಅಂಗಳದಾಗ ಚುಕ್ಕಿ ಇಟ್ಟು ರಂಗೋಲಿ ಹಾಕ್ತಾರಲ್ರಿ, ಹಂಗ. ಚುಕ್ಕಿ ಕತ್ತಲ ಕೊಡತೈತಿ, ಗೆರಿ ಈ ಕ್ಯಾಮೆರಾ ಎಳಿತೈತಿ."

"ಗೆರಿ ಹೆಂಗ ಎಳೀಬೇಕಂತ ಅದಕ್ಕ ಯಾರು ಹೇಳ್ತಾರ?"

"ಮನಿನ ಹೇಳತೈತ್ರಿ. ಹಚ್ಚಿದ ಮ್ಯಾಲೆ ಐದು ದಿನ ದೀಪ ಹಾಕಿ ಇಡಬೇಕು. ಮನ್ಯಾಗ ಯಾರ್‍ಯಾರ ಅದಾರ, ಅವರ ಮುಖ ಹೆಂಗ ಐತಿ, ಎಲ್ಲಾ ಕಲೀತೈತಿ. ಆಮ್ಯಾಲೆ ದೀಪ ಆರಿಸಿಬಿಡ್ರಿ. ಎರಡು ಚುಕ್ಕಿ ಸಿಕ್ಕರ ಸಾಕು, ಇಂಥಾವ ಅಂತ ಗುರ್ತು ಹಿಡದು ಪೂರ್ತಿ ಬರೀತೈತಿ."

ಮುರಿಗೆಪ್ಪ ಆಗಲೇ ಒಪ್ಪಿಯಾಗಿತ್ತು. ರಿಹಾನಾ ಮಾತ್ರ ಒಂದು ಮಾತು ಸೇರಿಸಿದಳು. "ಹಬ್ಬ ಮುಗದ ಮ್ಯಾಲೆ ಹಚ್ಚೂಣ್ರಿ. ಹೋಳ್ಯಾಗ ಮನಿ ಮನಿ ಇದ್ದಂಗ ಇರೂದಿಲ್ಲ."

"ಹೋಳಿ ಸಲುವಾಗೇ ತಗೊಳ್ಳಾಕತ್ತೀನಿ. ಹಬ್ಬ ಮುಗದ ಮ್ಯಾಲೆ ಏನು ಬೂದಿ ಕಾಯ್ಲೇನು?"

ಗಿರಾಕಿ ಕೈತಪ್ಪಬಾರದೆಂದು ಅವಳೂ ಸುಮ್ಮನಾದಳು. ಹುಣ್ಣಿಮೆಯ ದಿನ ಏಣಿ ಹಿಡಿದು ನಿಂತವನು ನಾನೇ. ನಡುಮನೆಯ ತೊಲೆಗೆ ಚುಕ್ಕಿಯನ್ನು ಕೂರಿಸಿದೆವು. ಅದರ ಕಣ್ಣು ನೇರ ಗೋಡೆಯ ಗೂಡಿನ ಮೇಲಿತ್ತು. ಆ ಗೂಡಿನಲ್ಲಿ ಮುರಿಗೆಪ್ಪರ ಹೆಂಡತಿ ನೀಲಗಂಗಮ್ಮನವರ ಬೋರಮಾಳ ಸರ ಇರುತ್ತಿತ್ತು. ಅವರ ತವರಿನ ಚಿನ್ನ. ಸಂಜೆ ಕಾಮಣ್ಣನ ಹುಡುಗರು ಬಂದರು. ಕಟ್ಟಿಗೆ ಮುಟ್ಟಲಿಲ್ಲ. ಅಂಗಳದಲ್ಲಿಟ್ಟ ನನ್ನ ಏಣಿಯನ್ನು ಹೊತ್ತುಕೊಂಡು ಹೋಗಿ ಸುಟ್ಟರು.

ಮರುದಿನದಿಂದ ಬಣ್ಣ, ಮರುದಿನದಿಂದಲೇ ದೀಪ ಹಾಕಿ ಚುಕ್ಕಿಯ ಪಾಠ. ಮುರಿಗೆಪ್ಪ ಬೆಳ್ಳಿ ಬಣ್ಣದಲ್ಲಿ ಹೊಸ ಬಕೆಟ್ಟಿನಂತೆ ಹೊಳೆದರು. ನೀಲಗಂಗಮ್ಮನವರು ಹಸಿರಾದರು. ಮನೆಗೆ ಬಂದವರೂ ಹೋದವರೂ ಕೆಂಪು, ನೀಲಿ, ಕಪ್ಪು. ಇಡೀ ಓಣಿಯಲ್ಲಿ ಬಣ್ಣ ಆಡದೇ ಉಳಿದವನು ಒಬ್ಬನೇ. ಬಡಿಗೇರ ಮೌನೇಶ.

ಶ್ರಾವಣದಲ್ಲಿ ಮೌನೇಶಣ್ಣನ ಹೆಂಡತಿ ತೀರಿಕೊಂಡಿದ್ದಳು. ವರ್ಷ ತುಂಬುವ ತನಕ ಅವನಿಗೆ ಹಬ್ಬವಿಲ್ಲ. ಬಣ್ಣದವರು ಅವನ ಮನೆಯ ಮುಂದೆ ಹಲಗೆ ಬಾರಿಸುವುದನ್ನೂ ನಿಲ್ಲಿಸಿ ದಾಟುತ್ತಿದ್ದರು. ಮನೆಯಲ್ಲಿ ಸುಮ್ಮನೆ ಕೂತರೆ ನೆನಪಾಗುತ್ತದೆಂದು, ಆ ಐದೂ ದಿನ ಅವನು ಸಜ್ಜನರ ನಡುಮನೆಯಲ್ಲಿ ಹಳೆಯ ಚೌಕಟ್ಟುಗಳ ಹುಳುಕು ತೆಗೆದು ಜೋಡಿಸುವ ಕೆಲಸ ಮಾಡಿದ. ದೀಪ ಉರಿಯುತ್ತಿತ್ತು. ಮೇಲೆ ತೊಲೆಯಿಂದ ಚುಕ್ಕಿ ನೋಡುತ್ತಿತ್ತು. ಅವನ ಹತ್ಯಾರದ ಪೆಟ್ಟಿಗೆ ಮೂಲೆಯಲ್ಲಿರುತ್ತಿತ್ತು. ಬಡಿಗೇರರ ಪೆಟ್ಟಿಗೆ ಎಂದರೆ ದೇವರ ಪೆಟ್ಟಿಗೆ. ಅವರು ಅದಕ್ಕೆ ಪೂಜೆ ಮಾಡುತ್ತಾರೆ, ಬೇರೆಯವರು ಮುಟ್ಟುವುದಿಲ್ಲ.

ರಂಗಪಂಚಮಿಯ ಮಧ್ಯಾಹ್ನ ಬಣ್ಣ ಮುಗಿಯಿತು. ಊರಿಗೆ ಊರೇ ಕಡಲೆಹಿಟ್ಟು, ಎಣ್ಣೆ, ಇಟ್ಟಂಗಿಪುಡಿ ಹಾಕಿ ತಿಕ್ಕಿಕೊಂಡಿತು. ಸಜ್ಜನರ ಮನೆಯಲ್ಲೂ ನೀರು ಕಾಯಿಸಿದರು, ನಡುಮನೆಯ ದೀಪ ಆರಿಸಿದರು. ಐದು ದಿನದ ಪಾಠ ಮುಗಿದಿತ್ತು. ಚುಕ್ಕಿ ಕಾವಲಿಗೆ ಕೂತಿತು.

ಮರುದಿನ ಬೆಳಗ್ಗೆ ಮೌನೇಶಣ್ಣ ಕೆಲಸಕ್ಕೆ ಬಂದು ಪೆಟ್ಟಿಗೆ ತೆಗೆದ. ಉಳಿಯ ಮೇಲೆ ಬೋರಮಾಳ ಬಿದ್ದಿತ್ತು.

ಬೇರೆ ಯಾರಾದರೂ ಸುಮ್ಮನೆ ಗೂಡಿನಲ್ಲಿ ವಾಪಸು ಇಟ್ಟು ಬಾಯಿ ಮುಚ್ಚುತ್ತಿದ್ದರು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದ.

"ಅಕ್ಕಾರ, ಇದು ನನ್ನ ಪೆಟಗ್ಯಾಗ ಹೆಂಗ ಬಂತೋ ಗೊತ್ತಿಲ್ರಿ. ತಗೋರಿ."

ಆಗ ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ನೀಲಗಂಗಮ್ಮನವರು ಸರವನ್ನು ಎದೆಗೊತ್ತಿಕೊಂಡು ಗಂಡನನ್ನು ನೋಡಿದರು. ಮುರಿಗೆಪ್ಪ ಮೊಬೈಲು ತೆಗೆದರು. ಅವರಿಗೆ ಅದೊಂದು ಹೊಸ ಆಟಿಕೆ, ಉಪಯೋಗಿಸಲು ಕಾರಣ ಸಿಕ್ಕಿತ್ತು. ನಿನ್ನೆ ಮಧ್ಯಾಹ್ನದ ಚಿತ್ರ ಹುಡುಕಿ ಟಿವಿಗೆ ಹಚ್ಚಿದರು.

ಕತ್ತಲ ನಡುಮನೆ ಟಿವಿಯಲ್ಲಿ ಹಗಲಿನಂತೆ ಕಂಡಿತು. ಬಾಗಿಲಿಂದ ಒಬ್ಬ ಬಂದ. ನೀಲಿ ಅಂಗಿ, ಗಲ್ಲದ ಮೇಲಿನ ಮಚ್ಚೆ, ಅರ್ಧ ನರೆತ ಮೀಸೆ. ಮೌನೇಶ. ಅವನು ಎರಡು ಹೆಜ್ಜೆ ಇಟ್ಟು ನಿಂತು, ತೊಡೆಯ ಬಳಿ ಗಾಳಿಯನ್ನೇ ಹಿಡಿದು ಮೇಲೆತ್ತಿದಂತೆ ಕೈ ಮಾಡಿದ. ಮತ್ತೆರಡು ಹೆಜ್ಜೆ. ಮತ್ತೆ ಹಾಗೇ ಕೈ ಮಾಡಿದ. ಗೂಡಿಗೆ ಕೈಹಾಕಿ ಸರ ತೆಗೆದ. ಅತ್ತಿತ್ತ ನೋಡಿದ. ಮೂಲೆಯ ಪೆಟ್ಟಿಗೆ ತೆರೆದು ಒಳಗಿಟ್ಟು, ಮುಚ್ಚಳದ ಮೇಲೆ ಎರಡು ಸಲ ತಟ್ಟಿ ಹೋದ. ಕೆಳಗೆ ಅಕ್ಷರದಲ್ಲಿ ಬರೆದಿತ್ತು, ಪರಿಚಿತ ವ್ಯಕ್ತಿ, ಮೌನೇಶ.

"ಕೈ ನಡಗಾಕತ್ತೈತಿ ನೋಡು ಕಳ್ಳಂದು," ಎಂದರು ಮುರಿಗೆಪ್ಪ.

ಮೌನೇಶಣ್ಣ ಟಿವಿಯ ಹತ್ತಿರ ಹೋಗಿ ತನ್ನ ಮುಖವನ್ನು ತಾನೇ ನೋಡಿದ.

"ಮುಖ ನಂದ ಐತ್ರಿ," ಎಂದ. "ಆದ್ರ ನಾ ಅಲ್ರಿ."

"ಕದ್ದಿ. ರಾತ್ರಿ ನಿದ್ದಿ ಬಂದಿರಲಿಕ್ಕಿಲ್ಲ. ಮುಂಜಾನೆ ತಂದು ದೊಡ್ಡಾವ ಆಗಾಕ ನೋಡಿದಿ."

"ಕದ್ದಿದ್ರ ಪೆಟಗಿ ಇಲ್ಲೇ ಬಿಟ್ಟು ಹೋಗ್ತಿದ್ನೇನ್ರಿ?"

"ಅದನ್ನ ನೀ ಹೇಳು."

ಅಷ್ಟರಲ್ಲಿ ಕಟ್ಟೆಯ ಸುತ್ತ ಓಣಿ ಕೂಡಿತ್ತು. ಎಲ್ಲರಿಗೂ ಆ ಚಿತ್ರ ಮತ್ತೆ ಮತ್ತೆ ಬೇಕಾಗಿತ್ತು. ನಾನು ಚಹಾ ಅರ್ಧಕ್ಕೇ ಕೆಳಗಿಟ್ಟೆ. ಯಾಕೆಂದರೆ ಆ ದಿನ ಮಧ್ಯಾಹ್ನದ ಬಸ್ಸಿಗೆ ಮೌನೇಶಣ್ಣನ ಮಗಳು ಕಾಳಮ್ಮನನ್ನು ನೋಡಿ ಒಪ್ಪಿದ ಬೀಗರು ಮಾತು ಗಟ್ಟಿ ಮಾಡಲು ಬರುವವರಿದ್ದರು. ಬಸ್ ಸ್ಟ್ಯಾಂಡಿನಿಂದ ಕರೆತರುವ ಬಾಡಿಗೆ ನನ್ನದೇ. ಮುರಿಗೆಪ್ಪರಿಗೂ ಅದು ಗೊತ್ತಿತ್ತು.

"ಪೊಲೀಸ್ರನ್ನ ಕರ್‍ಯೂದಿಲ್ಲ," ಎಂದರು. "ಬೀಗರು ಬರೂದ್ರೊಳಗ ಈ ಕಟ್ಟಿ ಮ್ಯಾಲೆ ನಿಂತು ತಪ್ಪಾತು ಅನ್ನು. ಓಣಿ ಮರೀತೈತಿ. ಅನ್ನಲಿಲ್ಲಂದ್ರ, ಬೀಗರನ್ನ ಇಲ್ಲೇ ಕುಂದ್ರಿಸಿ ಈ ಟಿವಿ ಹಚ್ಚತೀನಿ."

ಮೌನೇಶಣ್ಣ ಕಟ್ಟೆಯ ತುದಿಗೆ ಕೂತ. ಮಾಡಿಲ್ಲದ್ದನ್ನು ಒಪ್ಪಿದರೆ ಮುಂದೆ ಯಾವ ಮನೆಯವರೂ ಅವನನ್ನು ಒಳಗೆ ಬಿಟ್ಟು ಕೆಲಸ ಹೇಳುವುದಿಲ್ಲ. ಒಪ್ಪದಿದ್ದರೆ ಮಗಳ ಮದುವೆ ನಿಲ್ಲುತ್ತದೆ. ನಾನು ಅವನ ಪಕ್ಕ ಹೋಗಿ ಕೂತೆ.

"ಮೌನೇಶಣ್ಣಾ, ಖರೇ ಹೇಳು."

"ನಿನ್ನಿ ಮಧ್ಯಾಹ್ನ ನಾ ಹೊಳಿದಂಡ್ಯಾಗಿದ್ನೋ. ಆಕಿನ್ನ ಸುಟ್ಟ ಜಾಗದಾಗ." ಆಮೇಲೆ ನನಗಷ್ಟೇ ಕೇಳುವಂತೆ ಅಂದ, "ಒಪ್ಪಕೊಂಡ್ರ ಹುಡುಗಿದು ಸುಸೂತ್ರ ಆಗತೈತೇನೋ?"

ನಾನು ಎದ್ದೆ. ಗಾಡಿ ಚಾಲೂ ಮಾಡಿದೆ. ಅಂದು ನನ್ನ ಟಂಟಂ ಎಷ್ಟು ಜೋರಾಗಿ ಓಡಿತೆಂದರೆ, ಹಾರ್ನು ನನಗಿಂತ ಹಿಂದೆ ಬಂದು ಮುಟ್ಟಿತು.

ಕಂಟ್ರೋಲ್ ರೂಮಿನಲ್ಲಿ ರಿಹಾನಾ ಗೋಡೆತುಂಬ ಟಿವಿ ಮುಂದಿಟ್ಟುಕೊಂಡು ಕೂತಿದ್ದಳು. ನಾನು ಹೇಳಿದ್ದನ್ನು ಕೇಳಿ ನಕ್ಕಳು.

"ಯಮನೂರಣ್ಣಾ, ಚುಕ್ಕಿ ಸುಳ್ಳು ಹೇಳೂದಿಲ್ಲ."

"ಮೌನೇಶಣ್ಣನೂ ಹೇಳೂದಿಲ್ಲ. ಇಬ್ಬರಾಗ ಒಬ್ಬರು ಇವತ್ತ ಸುರು ಮಾಡ್ಯಾರ. ಯಾರಂತ ನೋಡು."

ಅವಳು ನಿನ್ನೆ ಮಧ್ಯಾಹ್ನದ್ದನ್ನು ತೆಗೆದಳು. ಸರದ ಚಿತ್ರ ನೋಡಿದಳು. ಮುಖ ಗಂಭೀರವಾಯಿತು. ಅದಾದ ಮೇಲೆ ಏನಾಯಿತು ಎಂದು ಮುಂದೆ ಓಡಿಸಿದಳು. ಸ್ವಲ್ಪ ಹೊತ್ತಿಗೆ ಮೌನೇಶ ಮತ್ತೆ ಬಂದ, ಕೈಯಲ್ಲಿ ಮೊರ. ಮೊರದಲ್ಲಿ ಜೋಳ ತುಂಬಿಕೊಂಡು, ಇಲ್ಲದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೋದ. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಮೌನೇಶ ಬಂದು ಕರುವಿಗೆ ಹಿಂಡಿ ಒಯ್ದ.

ರಿಹಾನಾಳ ಕೈ ನಿಂತಿತು.

"ಆ ಮೊರ ಹಿಡದಾವ್ರು ನೀಲಗಂಗಮ್ಮಾರ ಅಲ್ಲೇನ?" ಎಂದೆ.

ಅವಳು ಕೀಲಿಮಣೆ ಎಳೆದುಕೊಂಡಳು. ಐದು ದಿನ ಚುಕ್ಕಿ ಕಲಿತದ್ದನ್ನೆಲ್ಲ ತೆರೆದಳು. ಒಂದು ಟಿವಿಯಲ್ಲಿ ಎರಡು ಮುಖ ಬಂದವು. ಒಂದು ಯಾರದ್ದೂ ಅಲ್ಲದ ಮುಖ. ಬೆಳ್ಳಿ, ಹಸಿರು, ಕೆಂಪು ಎಲ್ಲ ಕಲಸಿ ಮಾಡಿದ್ದು. ಅದರ ಕೆಳಗೆ ಬಣ್ಣದ ಮನುಷ್ಯ ಎಂದು ಬರೆದಿತ್ತು. ಇನ್ನೊಂದು ಮೌನೇಶಣ್ಣನ ಮುಖ. ಅಷ್ಟೇ. ಚುಕ್ಕಿಯ ಲೆಕ್ಕದಲ್ಲಿ ಆ ಮನೆಯಲ್ಲಿ ಇದ್ದವರು ಇಬ್ಬರೇ.

"ಬಣ್ಣ ತೊಳಕೊಂಡ್ರಲ್ಲ, ಅವಾಗ ಎಲ್ಲಾರೂ ಬರೇ ಮುಖದ್ಲೆ ಒಳಗ ಬಂದಾರ," ಎಂದಳು ನಿಧಾನವಾಗಿ. "ಬಣ್ಣ ಇಲ್ಲದ ಮುಖ ಇದಕ್ಕ ಒಂದ ಗೊತ್ತು. ಬೆಳಕಿನ ಚುಕ್ಕಿ ಯಾರದ್ದರ ಇರ್ಲಿ, ಮುಖ ಅವಂದ ಬರದೈತಿ. ಅಂಗೀನೂ ಅವಂದ."

"ಹಂಗಾರ ಸರ ತಗದಾವ ಯಾರು?"

"ಯಾರರ ಇರಬಹುದು. ಅದು ಇದಕ್ಕ ಗೊತ್ತಿಲ್ಲ. ಗೊತ್ತಿಲ್ಲ ಅನ್ನೂದು ಇದಕ್ಕ ನಾವು ಕಲಿಸಿಲ್ಲ."

ಅವಳು ಕ್ಯಾಮೆರಾ ಕಂಪನಿಯ ತನ್ನ ಸಾಹೇಬರಿಗೆ ಫೋನು ಮಾಡಿದಳು. ಆಚೆಯ ದನಿ ನನಗೂ ಕೇಳುತ್ತಿತ್ತು. ಗಿರಾಕಿಯ ಮನೆಯ ಜಗಳಕ್ಕೆ ಹೋಗಬೇಡ, ಕ್ಯಾಮೆರಾ ತಪ್ಪು ಮಾಡಿತೆಂದು ನಿನ್ನ ಬಾಯಲ್ಲಿ ಬಂದರೆ ನಾಳೆಯಿಂದ ಬರುವುದೂ ಬೇಡ ಎನ್ನುತ್ತಿತ್ತು. ಅವಳು ಹೂಂ, ಹೂಂ ಎಂದು ಕೇಳಿ ಫೋನಿಟ್ಟಳು. ನಾನು ಕಿಟಕಿಯಿಂದ ಕೆಳಗೆ ನೋಡಿದೆ. ಮಧ್ಯಾಹ್ನದ ಬಸ್ಸು ಒಳಗೆ ತಿರುಗುತ್ತಿತ್ತು.

"ಮೇಡಮ್ಮಾರ, ಬೀಗರು ಬಂದ್ರು."

ರಿಹಾನಾ ದಾವಣಿ ಬಿಗಿದು ಕಟ್ಟಿಕೊಂಡು ಎದ್ದಳು. "ಹಬ್ಬ ಮುಗೀಲಿ ಅಂತ ನಾ ಗಟ್ಟಿಗೆ ಹೇಳ್ಬೇಕಿತ್ತು. ನಡಿ."

ಹೀಗೆ ನನ್ನ ಗಾಡಿಯಲ್ಲಿ ಬೀಗರೂ ಅವಳೂ ಒಟ್ಟಿಗೆ ಕೂತರು. ವರನ ಅಪ್ಪ ನಾಗಲಿಂಗಪ್ಪ ಪತ್ತಾರರು, ಚಿನ್ನದ ಕೆಲಸದವರು, ತೂಕದ ಮನುಷ್ಯ. ಹೆಂಗಸರಿಬ್ಬರ ಮಡಿಲಲ್ಲಿ ಹಣ್ಣಿನ ಬುಟ್ಟಿ. ರಿಹಾನಾ ಹಾದಿಯಲ್ಲೇ ಮುರಿಗೆಪ್ಪರಿಗೆ ಫೋನು ಮಾಡುತ್ತಿದ್ದಳು. ಅವರು ಎತ್ತುತ್ತಿರಲಿಲ್ಲ. ಅವರು ಎತ್ತಿ ಟಿವಿ ಆರಿಸುವ ತನಕ ಬೀಗರನ್ನು ಓಣಿಗೆ ಒಯ್ಯಬಾರದೆಂದು ನಾನು ಗಾಡಿಯನ್ನು ಹೊಳೆಯ ಕಡೆ ತಿರುಗಿಸಿದೆ. ಸೇತುವೆ ತೋರಿಸಿದೆ. ಬಸವಣ್ಣನ ಗುಡಿ ತೋರಿಸಿದೆ. ಸಂತೆ ಬಯಲು ಸುತ್ತಿ ಮತ್ತೆ ಗುಡಿ ತೋರಿಸಿದೆ.

"ತಮ್ಮಾ," ಎಂದರು ನಾಗಲಿಂಗಪ್ಪ, "ಈ ಗುಡಿ ಆಗಳೇ ಬಂದಿತ್ತಲ್ಲ."

"ನಮ್ಮೂರಾಗ ಬಸವಣ್ಣ ಭಾಳ್ರಿ."

"ಅದ ಮುದುಕಿ ಕುಂತಾಳ ಮುಂದ."

ಇನ್ನು ಆಗುವುದಿಲ್ಲವೆಂದು ಓಣಿಗೆ ತಿರುಗಿಸಿದೆ.

ಸಜ್ಜನರ ಕಟ್ಟೆಯ ಮುಂದೆ ಜನ ಇನ್ನೂ ಹೆಚ್ಚಾಗಿದ್ದರು. ಟಿವಿಯನ್ನು ಪಡಸಾಲೆಯ ಬಾಗಿಲಿಗೆ ತಂದಿಟ್ಟಿದ್ದರು. ಕಟ್ಟೆಯ ಮೇಲೆ ಮೌನೇಶಣ್ಣ ಎದ್ದು ನಿಂತಿದ್ದ, ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಗಾಡಿ ನಿಂತದ್ದು ನೋಡಿದ. ಬೀಗರು ಇಳಿದದ್ದು ನೋಡಿದ. ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು, ಅವನು ಒಪ್ಪಿಕೊಳ್ಳಲು ನಿಂತಿದ್ದಾನೆ.

"ಓಣಿ ದೈವದ ಹಿರ್ಯಾರ ಮುಂದ ಹೇಳತೀನಿ," ಎಂದು ಶುರುಮಾಡಿದ. "ಆ ಸರಾ…"

"ಕಾಕಾ, ಒಂದು ಗಳಿಗಿ ನಿಲ್ರಿ." ರಿಹಾನಾ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದಳು. "ಸಾವ್ಕಾರ್ರ, ನಿಮ್ಮಿಂದ ಒಂದು ಕೆಲಸ ಆಗಬೇಕು. ಒಳಗ ನಡುಮನ್ಯಾಗ ಹೋಗಿ ಗೂಡಿನ ತನ ನಡದು ಬರ್‍ರಿ. ದೀಪ ಹಾಕಬ್ಯಾಡ್ರಿ."

"ನಾ ಯಾಕ ನಡೀಲಿ? ನನ್ನ ಮನಿ ನನಗ ಗೊತ್ತಿಲ್ಲೇನು?"

"ಕ್ಯಾಮೆರಾ ಸಮ ಐತಿಲ್ಲೋ ನೋಡಬೇಕ್ರಿ. ನಿಮ್ಮಷ್ಟು ಚೊಲೋ ಗುರ್ತು ಅದಕ್ಕ ಯಾರದೈತಿ?"

ಮುರಿಗೆಪ್ಪರಿಗೆ ಆ ಮಾತು ರುಚಿಸಿತು. ಜನರ ಕಡೆ ಒಮ್ಮೆ ನೋಡಿ ಒಳಗೆ ಹೋದರು. ರಿಹಾನಾ ನಡುಮನೆಯ ಬಾಗಿಲೆಳೆದು ಟಿವಿ ಹಚ್ಚಿದಳು.

ಟಿವಿಯಲ್ಲಿ ಮೌನೇಶ ಬಂದ.

ನೀಲಿ ಅಂಗಿ, ಗಲ್ಲದ ಮಚ್ಚೆ. ಜನ ಟಿವಿ ನೋಡಿದರು, ಕಟ್ಟೆಯ ಮೇಲಿದ್ದ ಮೌನೇಶಣ್ಣನನ್ನು ನೋಡಿದರು, ಮತ್ತೆ ಟಿವಿ ನೋಡಿದರು. ಒಳಗಿನ ಮೌನೇಶ ಎರಡು ಹೆಜ್ಜೆ ನಡೆದು, ತೊಡೆಯ ಬಳಿ ಗಾಳಿಯನ್ನು ಹಿಡಿದು ಮೇಲೆತ್ತಿದ. ಮತ್ತೆರಡು ಹೆಜ್ಜೆ. ಮತ್ತೆ ಗಾಳಿ ಎತ್ತಿದ.

"ಸಾವ್ಕಾರ್ರ, ಹಾಡ್ರಿ ಒಂದು," ಎಂದು ನಾನು ಕೂಗಿದೆ.

"ಹಾಡೂದೇನು ಹಾಡೂದು? ಬರ್ಲೇನು ಹೊರಗ?" ಟಿವಿಯ ಮೌನೇಶನ ಬಾಯಿ ಆಡಿತು. ಒಳಗಿನಿಂದ ಬಂದದ್ದು ಮುರಿಗೆಪ್ಪರ ದನಿ.

ಯಾರೂ ನಗಲಿಲ್ಲ. ನೀಲಗಂಗಮ್ಮನವರು ಬಾಗಿಲ ಚೌಕಟ್ಟು ಹಿಡಿದು ಟಿವಿಯ ಹತ್ತಿರ ಬಂದರು.

"ತಂಗಿ, ನಿನ್ನಿದು ಇನ್ನೊಮ್ಮಿ ಹಚ್ಚು," ಎಂದರು.

ರಿಹಾನಾ ಹಚ್ಚಿದಳು. ಮೌನೇಶ ಬಂದ. ಎರಡು ಹೆಜ್ಜೆ. ಗಾಳಿ ಎತ್ತಿದ. ಎರಡು ಹೆಜ್ಜೆ. ಗಾಳಿ ಎತ್ತಿದ. ಅಷ್ಟರಲ್ಲಿ ನಿಜವಾದ ಮುರಿಗೆಪ್ಪ ಬಾಗಿಲು ತೆಗೆದು ಹೊರಗೆ ಬಂದರು. ಹರೆಯದಲ್ಲೇ ಮಾಲಿನ ವಖಾರಿಯಲ್ಲಿ ಕಂಬ ಬಿದ್ದು ಎಡಗಾಲು ನೋವಾದಾಗಿನಿಂದ ಅವರ ನಡಿಗೆ ಹಾಗೇ. ಎರಡು ಹೆಜ್ಜೆ ಇಡುತ್ತಾರೆ, ಕಾಲಿಗೆ ತೊಡರಬಾರದೆಂದು ದೋತರ ಹಿಡಿದು ಮೇಲೆತ್ತುತ್ತಾರೆ.

"ನಡಗೂ ಕೈ ಅಲ್ಲ ಅದು," ಎಂದರು ನೀಲಗಂಗಮ್ಮನವರು. "ದೋತರ ಹಿಡದಾರ. ಕ್ಯಾಮೆರಾಕ್ಕ ದೋತರ ಬರ್‍ಯಾಕ ಬಂದಿಲ್ಲ. ಆ ನಡಿಗಿ ಹಿಂದ ನಾ ಮೂವತ್ತು ವರ್ಷ ನಡದೀನಿ, ನನಗ ಮುಖ ಬೇಕಾಗಿಲ್ಲ."

"ಏನು ಮಾತಾಡ್ತಿ?" ಎಂದರು ಮುರಿಗೆಪ್ಪ.

"ನಿನ್ನಿ ಸ್ನಾನ ಮಾಡಿ ಒಳಗ ಹ್ವಾದ್ರಿ. ಹೊರಗ ಬಂದು, ಕಾಮಣ್ಣನ ಹುಡುಗೂರ ಕೈಗೆ ಸಿಗದ ಜಾಗಾದಾಗ ಇಟ್ಟೀನಿ ಅಂದ್ರಿ. ಏನು ಅಂದ್ರ, ಗುಟ್ಟು ಅಂದ್ರಿ. ಹಂಗ ನಕ್ಕೋತ ಮಲಗಿದ್ರಿ." ಅವರು ದನಿ ತಗ್ಗಿಸಿದರು. ತಗ್ಗಿಸಿದ್ದು ಇಡೀ ಓಣಿಗೆ ಕೇಳಿತು. "ಕಾಮ ಸುಟ್ಟ ಮ್ಯಾಲೆ ಕಾಮಣ್ಣನ ಹುಡುಗೂರು ಎಲ್ಲಿಂದ ಬಂದ್ರು ಅಂತ ನನಗ ಆಗಳೇ ಅನುಮಾನ ಬರಬೇಕಿತ್ತು. ಬರೇ ಹಾಲು ಕುಡದಿದ್ರೋ, ಭಂಗಿ ಕುಡದಿದ್ರೋ?"

ಮುರಿಗೆಪ್ಪ ಹೋದ ಕಾರ್ತೀಕದಲ್ಲಿ ಮಠದ ಅಜ್ಜನವರ ಪಾದ ಮುಟ್ಟಿ ಭಂಗಿ ಬಿಟ್ಟಿದ್ದೇನೆಂದು ಆಣೆ ಇಟ್ಟವರು. ಮೆಲ್ಲಗೆ ಕಟ್ಟೆಯ ಮೇಲೆ ಕೂತರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಈಗ ನೆನಪು ಒಂದೊಂದಾಗಿ ಬರುತ್ತಿರುವುದೂ ಕಾಣುತ್ತಿತ್ತು.

"ಬಡಿಗ್ಯಾರ ಪೆಟಗಿ ಯಾರೂ ಮುಟ್ಟೂದಿಲ್ಲಂತ…" ಎಂದು ತಮ್ಮಷ್ಟಕ್ಕೆ ಅಂದರು. ಆಮೇಲೆ ತಲೆಯ ಟೊಪ್ಪಿಗೆ ತೆಗೆದರು. "ಮೌನೇಶಾ, ನಾನ ಮುಟ್ಟೀನಿ. ತಪ್ಪಾತು."

ಮೌನೇಶಣ್ಣ ಕೈಯಲ್ಲಿದ್ದ ವಸ್ತ್ರವನ್ನು ಕೊಡವಿ, ನಿಧಾನವಾಗಿ ಮತ್ತೆ ತಲೆಗೆ ಸುತ್ತಿಕೊಂಡ. ಅದು ಮುಗಿಯುವ ತನಕ ಓಣಿ ಕಾದು ನಿಂತಿತು. ನಂತರ ಅವನು ಬೀಗರ ಕಡೆ ತಿರುಗಿದ. ಅವರು ಇಷ್ಟನ್ನೂ ನಿಂತು ನೋಡಿದ್ದರು. ಹಣ್ಣಿನ ಬುಟ್ಟಿ ಇನ್ನೂ ಕೆಳಗಿಟ್ಟಿರಲಿಲ್ಲ. ಇಡುತ್ತಾರೋ ಇಲ್ಲವೋ ಎಂದು ನಾನು ಬುಟ್ಟಿಯನ್ನೇ ನೋಡುತ್ತಿದ್ದೆ.

ನಾಗಲಿಂಗಪ್ಪ ಪತ್ತಾರರು ಪಡಸಾಲೆ ದಾಟಿ ನೇರ ನಡುಮನೆಗೆ ಹೋದರು. ಟಿವಿಯಲ್ಲಿ ಮತ್ತೊಬ್ಬ ಮೌನೇಶ ಬಂದು ನಿಂತ. ಮೇಲೆ ನೋಡಿದ. ಹಲ್ಲು ಕಿರಿದ. ಮೀಸೆಯ ಮೇಲೆ ಕೈಯಾಡಿಸಿದ. ಹೊರಗೆ ಬಂದು ಅವರು ಕೇಳಿದರು,

"ಹೆಂಗ ಕಂಡ್ನಿ?"

"ನಮ್ಮ ಮೌನೇಶಣ್ಣ ಕಂಡಂಗ್ರಿ," ಎಂದೆ.

"ಹಂಗಾರ ಚಿಂತಿಲ್ಲ. ಬೀಗರು ಬೀಗರಂಗ ಕಾಣಬೇಕು." ಹೆಂಗಸರಿಗೆ ಕೈಮಾಡಿದರು. ಬುಟ್ಟಿ ಕೆಳಗಿಳಿಯಿತು. ಆಗ ನಕ್ಕಿತು ಓಣಿ. ಮೌನೇಶಣ್ಣ ಮಾತ್ರ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡ.

ಕಾಳಮ್ಮನ ಮಾತು ಅಂದೇ ಗಟ್ಟಿಯಾಯಿತು. ಮದುವೆಗೆ ಬೋರಮಾಳವನ್ನು ನೀಲಗಂಗಮ್ಮನವರೇ ಅವಳ ಕೊರಳಿಗೆ ಹಾಕಿ ಒಂದು ದಿನ ಮೆರೆಸುತ್ತಾರಂತೆ. ರಿಹಾನಾಳ ಸಾಹೇಬರು ಅವಳನ್ನು ಬಿಡಿಸಲಿಲ್ಲ. ಬಿಡಿಸಿದರೆ ಊರಿಗೆ ಉತ್ತರ ಕೊಡುವವರು ಯಾರು? ಮುರಿಗೆಪ್ಪ ಆಣೆ ತಪ್ಪಿದ ಪ್ರಾಯಶ್ಚಿತ್ತಕ್ಕೆಂದು ಹೆಂಡತಿಯೊಂದಿಗೆ ಮಠಕ್ಕೆ ಹೋಗಿ ಕೂತರು. ಹಳೆಯದನ್ನೆಲ್ಲ ಅಳಿಸಿದ ಚುಕ್ಕಿಗೆ ಹೊಸದಾಗಿ ಪಾಠ ಆಗಬೇಕಲ್ಲ, ದೀಪ ಹಾಕಿ ಐದು ದಿನ ಮನೆ ನೋಡಿಕೋ ಎಂದು ಬೀಗದಕೈ ಕೊಟ್ಟದ್ದು ನನ್ನ ಕೈಯಲ್ಲಿ. ಆ ಐದು ದಿನ ಆ ಮನೆಯಲ್ಲಿ ಉಂಡವನು, ಮಲಗಿದವನು, ಓಡಾಡಿದವನು ನಾನೊಬ್ಬನೇ.

ಈಗ ನಿಮಗೇ ಹೊಳೆದಿರಬೇಕು. ನಿನ್ನೆ ಅವರು ಮಠದಿಂದ ವಾಪಸು ಬಂದರು. ನಡುಮನೆಯ ದೀಪ ಆರಿಸಿದರು. ಇವತ್ತು ಮಧ್ಯಾಹ್ನ ಅದೇ ನಡುಮನೆಯ ಡಬ್ಬಿಯಿಂದ ಶೇಂಗಾ ಹೋಳಿಗೆ ಕಾಣೆಯಾಗಿವೆಯಂತೆ. ಟಿವಿ ಹಚ್ಚಿ ನೋಡಿದರೆ ತೆಗೆದವನು ಯಮನೂರಿಯಂತೆ. ಆ ಮನೆಯ ಕತ್ತಲಲ್ಲಿ ಈಗ ಎಲ್ಲರೂ ಯಮನೂರಿಯೇ, ನೀವು ಹೋದರೂ ಯಮನೂರಿಯೇ. ಆದರೆ ನನ್ನ ಮಾತು ಯಾರು ನಂಬುತ್ತಾರೆ? ಮೊಸಳೆಯ ಕತೆ ಎಲ್ಲರಿಗೂ ನೆನಪಿದೆ.

ಅದಕ್ಕೇ ನಿಮ್ಮನ್ನು ಕೂರಿಸಿಕೊಂಡು ಇಷ್ಟು ಹೇಳಿದ್ದು. ಅಗೋ, ಮುರಿಗೆಪ್ಪ ಈ ಕಡೆಯೇ ಬರುತ್ತಿದ್ದಾರೆ, ಎರಡು ಹೆಜ್ಜೆಗೊಮ್ಮೆ ದೋತರ ಎತ್ತಿಕೊಂಡು. ಬೇಗ ಕೈ ಮುಂದೆ ಮಾಡಿ. ಹೋಳಿಗೆ ಇನ್ನೂ ಮೆತ್ತಗಿದೆ, ನೀವೂ ಒಂದು ತಿನ್ನಿ. ನುಂಗಿ, ಬಾಯಿ ಒರೆಸಿಕೊಳ್ಳಿ. ಈಗ ಅವರು ಕೇಳಿದರೆ ನೀವು ಹೇಳಬೇಕಾದದ್ದು ಇಷ್ಟೇ. ಮಧ್ಯಾಹ್ನದಿಂದ ಯಮನೂರಿ ಇಲ್ಲೇ, ನನ್ನ ಕಣ್ಣ ಮುಂದೆಯೇ ಇದ್ದ.